ಅಮ್ಮನ ಮೂವರು ಪಾಲುದಾರರು

ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳಿಗೆ ನಮಸ್ಕಾರ.

ನನಗಿರುವುದು ಒಬ್ಬಳೇ ಅಮ್ಮ ಎಂದು ಇದುವರೆಗೆ ನಂಬಿದ್ದೆ. ನಿಮ್ಮ ಮೂವರು ತಜ್ಞರು ಅವಳ ಹೃದಯ, ಕಿಡ್ನಿ, ಮಂಡಿಗಳನ್ನು ಅಣ್ಣತಮ್ಮಂದಿರ ಹಾಗೆ ಪಾಲು ಮಾಡಿಕೊಂಡಿದ್ದಾರೆಂದು ಈಗ ತಿಳಿಯಿತು.

ಮಂಡಿಯ ಡಾಕ್ಟರು ಕೊಟ್ಟ ನೋವಿನ ಮಾತ್ರೆ ನೋಡಿ ಕಿಡ್ನಿ ಡಾಕ್ಟರು, "ಏನಜ್ಜಿ, ಸಾಯೋಕೆ ಅಷ್ಟೊಂದು ಅರ್ಜೆಂಟಾ? ಇದನ್ನ ಯಾಕೆ ನುಂಗಿದ್ರಿ?" ಎಂದು ಗದರಿದರು. ಬರೆದುಕೊಟ್ಟ ಮಹನೀಯರು ಪಕ್ಕದ ಕೋಣೆಯಲ್ಲೇ ಇದ್ದರು. ಬೈಗುಳ ಮಾತ್ರ ಅಮ್ಮನ ಪಾಲಿಗೆ ಬಂತು.

ಅಂದಿನಿಂದ ಅಮ್ಮ ಒಬ್ಬರು ಕೊಟ್ಟ ಮಾತ್ರೆಯನ್ನು ಇನ್ನೊಬ್ಬರಿಗೆ ಕಾಣದಂತೆ ಚೀಲದ ತಳದಲ್ಲಿ ಬಚ್ಚಿಡತೊಡಗಿದಳು. ಹೀಗಾಗಿ ಹೃದಯದವರೂ ಕಿಡ್ನಿಯವರೂ ಬಿ.ಪಿ.ಗೆ ಒಂದೇ ಔಷಧವನ್ನು ಬೇರೆ ಬೇರೆ ಹೆಸರಿನಲ್ಲಿ ಬರೆದರು. ಎರಡನ್ನೂ ಭಕ್ತಿಯಿಂದ ನುಂಗಿದ ಅಮ್ಮ ಮೊನ್ನೆ ಬಚ್ಚಲಲ್ಲಿ ತಲೆಸುತ್ತಿ ಬಿದ್ದಳು. ಎಚ್ಚರವಾದೊಡನೆ ಅವಳು ಆಡಿದ ಮೊದಲ ಮಾತು: "ಡಾಕ್ಟ್ರಿಗೆ ಹೇಳ್ಬೇಡ ಕಣೇ, ಬೈತಾರೆ."

ಅದಕ್ಕೇ ಹೇಳುತ್ತಿದ್ದೇನೆ. ಸೋಮವಾರ ಅವಳನ್ನು ಇಡಿಯಾಗಿ ಕರೆತರುತ್ತೇನೆ. ದಯವಿಟ್ಟು ಮೂವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಯಲು ಅಪ್ಪಣೆ ಕೊಡಿ. ಕುರ್ಚಿ ಸಾಲದಿದ್ದರೆ ಮನೆಯಿಂದ ಹೊತ್ತು ತರುತ್ತೇನೆ. ಬೈಯುವುದಿದ್ದರೆ ಅವರು ಒಬ್ಬರನ್ನೊಬ್ಬರು ಬೈದುಕೊಳ್ಳಲಿ. ಈ ಸಲ ಅಮ್ಮ ಆರಾಮವಾಗಿ ಕುಳಿತು ಕೇಳುತ್ತಾಳೆ.

ಇಂತಿ,
ನಿಮ್ಮ ರೋಗಿಯ ಮಗಳು