ಎರಡು ಕುರ್ಚಿ, ಎಣಿಸದ ಕುರಿ

ಚಿತ್ರದುರ್ಗ
ಗುರುವಾರ, ಬೆಳಗಿನ ಜಾವ

ಫೋನ್ ಎತ್ತದ ಹಠಮಾರಿ ಚೈತ್ರಾಗೆ,

ಈಗ ಎರಡೂವರೆ. ನನ್ನನ್ನು ಎಬ್ಬಿಸಿದ್ದು ಕುರಿಮರಿಯ ಕೂಗು. ನಮ್ಮದೇ ಆಟದ ಮರಿ, ನಮ್ಮ ಯಜಮಾನರ ಫೋನಿನೊಳಗಿಂದ, ದಿಂಬಿನ ಕೆಳಗೆ, ‘ಬ್ಯಾ’ ಅಂತ. ಹಲ್ಲು ಬರುತ್ತಿರುವ ಅಸದ್‌ನನ್ನು ಹೆಗಲಿಗೆ ಹಾಕಿಕೊಂಡು ಅಡ್ಡಾಡಿ ಅಡ್ಡಾಡಿ ಆಗಷ್ಟೇ ಮಲಗಿಸಿದ್ದೆ. ಅವನೂ ಎದ್ದು ಮರಿಗೆ ಉತ್ತರ ಕೊಡತೊಡಗಿದ. ಸಲೀಂ ಮಾತ್ರ ಗೋಡೆ ಕಡೆ ತಿರುಗಿ ಮಲಗಿದರು. ಗಂಡಸರಿಗೆ ಇಂಥ ನಿದ್ದೆ ಎಲ್ಲಿ ಸಿಗುತ್ತದೋ ತಿಳಿಯದು.

ಎಷ್ಟು ಸಲ ಫೋನ್ ಮಾಡಿದರೂ ನೀನು ತೆಗೆಯುತ್ತಿಲ್ಲ. ಎದ್ದ ಕೂಡಲೇ, ಮುಖ ತೊಳೆಯುವುದಕ್ಕೂ ಮೊದಲು, ನೀನು ಮೇಲ್ ನೋಡುತ್ತೀಯ. ಅದಕ್ಕೇ ಈ ಪತ್ರ. ಬೆಳಿಗ್ಗೆ ಆ ಪುಣೆಯವರು ಹೆದ್ದಾರಿ ಪಕ್ಕ ಕಾರು ನಿಲ್ಲಿಸಿ, ಹಿರಿಯೂರಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಾ ನಮ್ಮ ಕಂಪನಿಯನ್ನು ಕೊಂಡುಕೊಳ್ಳುತ್ತಾರೆ. ನನ್ನ ಸಹಿ ಆಗಲೇ ಬಿದ್ದಿದೆ. ನಿನ್ನದೊಂದು ಬಾಕಿ. ಅದನ್ನು ಹಾಕಬೇಡ.

‘ಮಾರಿ ಬಿಸಾಕು’ ಅಂತ ನಿನ್ನೆ ಕೂಗಾಡಿದವಳು ನೀನೇ ಅಲ್ಲವಾ ಅನ್ನುತ್ತೀಯ. ಹೌದು. ಮಗು ಹುಟ್ಟಿದಾಗಿನಿಂದ ಕಣ್ಣು ಮುಚ್ಚದವಳ ಮಾತನ್ನು ಯಾರಾದರೂ ನಂಬುತ್ತಾರೇನೇ? ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಆ ಆಟದ ಮೇಲೆ ಮೋಹವೇನಿಲ್ಲ. ಅಸದ್ ಹುಟ್ಟಿದ ಮೇಲೆ ನನ್ನ ಫೋನಿನಿಂದ ಅದನ್ನು ಅಳಿಸಿದ್ದೇನೆ, ನಿನಗೂ ಗೊತ್ತು. ಮತ್ತೋಡಿನಲ್ಲಿ ಕೊಟ್ಟ ಮಾತಿಗಾಗಿ ಬರೆಯುತ್ತಿದ್ದೇನೆ, ಅಷ್ಟೆ.

ಒಪ್ಪಂದದ ಮೊದಲ ಪುಟದಲ್ಲಿ ಕಂಪನಿಯ ಇತಿಹಾಸ ಅಂತ ಒಂದು ಪ್ಯಾರಾ ಬರೆದಿದ್ದೀಯಲ್ಲ, ಓದಿ ಮೈ ಉರಿಯಿತು. ‘ಪ್ರಾದೇಶಿಕ ಭಾಷೆಯ ಮೊಬೈಲ್ ಆಟಗಳ ಪ್ರಕಾಶನ ಸಂಸ್ಥೆ, ಶೀಘ್ರ ಬೆಳವಣಿಗೆ’ ಅಂತೆ. ಯಾವ ಸಂಸ್ಥೆಯೇ? ಹೊಳಲ್ಕೆರೆ ರಸ್ತೆಯಲ್ಲಿ ಸಲೀಂ ಅವರ ಮೊಬೈಲ್ ರಿಪೇರಿ ಅಂಗಡಿ, ಅದರ ಅಟ್ಟ, ಅಟ್ಟದಲ್ಲಿ ಎರಡು ಕೆಂಪು ಪ್ಲಾಸ್ಟಿಕ್ ಕುರ್ಚಿ. ಹೆಸರೇನು ಅಂತ ಆಡಿಟರ್ ಕೇಳಿದಾಗ ನಾವಿಬ್ಬರೂ ಸುತ್ತ ನೋಡಿದೆವು. ಕಣ್ಣಿಗೆ ಬಿದ್ದದ್ದು ಅವೆರಡೇ. ‘ಎರಡು ಕುರ್ಚಿ ಗೇಮ್ಸ್’ ಆಗಿದ್ದು ಹಾಗೆ. ಆಟ ಕಟ್ಟುವವರು ಬೇರೆ ಎಲ್ಲೋ ಇರುತ್ತಾರೆ. ಅದನ್ನು ತಿದ್ದಿ, ಕನ್ನಡ ಮಾಡಿ, ಚಿತ್ರ ಹಾಕಿಸಿ, ಪ್ಲೇ ಸ್ಟೋರಿಗೆ ಏರಿಸಿ, ಆಮೇಲೆ ಎಲ್ಲರ ಬೈಗುಳ ತಿನ್ನುವವರು ನಾವು. ಈ ಕೆಲಸಕ್ಕೆ ಪ್ರಕಾಶನ ಅನ್ನುತ್ತಾರೆ ಅಂತ ಅತ್ತೆಗೆ ತಿಳಿಸಿ ಹೇಳಲು ಎಷ್ಟು ಕಷ್ಟಪಟ್ಟೆ. ಪ್ಯಾರಿ ಬೀ ಅವರು ಕೊನೆಗೆ ಕೇರಿಗೆಲ್ಲ ಸಾರಿದ್ದೇನು? ‘ನಮ್ ಸೊಸೆ ಕುರಿ ಯಾಪಾರ ಮಾಡ್ತಾಳೆ.’ ಬಕ್ರೀದ್ ಮುಂಚೆ ಮೂರು ಮನೆಯವರು ಬಂದು ಒಳ್ಳೆ ಟಗರು ಐತಾ ಅಂತ ಕೇಳಿಹೋದರು.

ಮೊದಲ ಆಟ ಚಿಕ್ಕಜಾಜೂರಿನ ಗಂಗಾ ಕಟ್ಟಿದ್ದು. ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದ ಹುಡುಗಿ, ಬಂದ ರೈಲನ್ನೆಲ್ಲ ಸರಿಯಾದ ಹಳಿಗೆ ಕಳಿಸುವ ಆಟ ಮಾಡಿದ್ದಳು. ಅದನ್ನು ಪರೀಕ್ಷೆ ಮಾಡಿದ್ದು ಯಾವ ಲ್ಯಾಬಿನಲ್ಲಿ ಅಂತ ಬರೆದೆಯಾ? ಬರೆಯಲಿಲ್ಲ. ಕೆಳಗೆ ರಿಪೇರಿಗೆ ಕಾಯುತ್ತಾ ಕೂತವರ ಕೈಗೆ ಬೇರೊಂದು ಫೋನ್ ಕೊಟ್ಟು, ಮೆಟ್ಟಿಲ ಮೇಲೆ ಕೂತು ಅವರ ಹೆಬ್ಬೆರಳು ನೋಡುತ್ತಿದ್ದೆವು. ಹೆಬ್ಬೆರಳು ಎಲ್ಲಿ ತಡವರಿಸಿತೋ ಅಲ್ಲಿ ಆಟ ಕೆಟ್ಟಿದೆ ಅಂತ ಲೆಕ್ಕ. ಒಬ್ಬ ಮುದುಕರು ಫೋನ್ ರಿಪೇರಿಯಾದರೂ ಏಳದೆ, ‘ತಡಿಯಮ್ಮ, ಈ ಗೂಡ್ಸ್ ಗಾಡಿ ಒಂದು ದಾಟಲಿ’ ಅಂದ ದಿನ ನಾವು ಮೂರನೆಯ ಕುರ್ಚಿ ತಂದೆವು, ಗಂಗಾಳಿಗೆ. ನಮ್ಮ ಬೆಳವಣಿಗೆ ಅಂದರೆ ಕುರ್ಚಿ. ಈಗ ಅಟ್ಟ ತುಂಬಿ, ಮೆಟ್ಟಿಲವರೆಗೂ ಕುರ್ಚಿ ಬಂದಿವೆ. ಕಾಲು ಸೀಳಿದ ನನ್ನ ಹಳೆಯ ಕುರ್ಚಿಗೆ ಚಾರ್ಜರ್ ವೈರು ಸುತ್ತಿದವಳು ನಾನು. ಅದರ ಮೇಲೆ ಈಗ ಪ್ರಿಂಟರ್ ಇಟ್ಟಿದ್ದೀಯಂತೆ, ಗಂಗಾ ಹೇಳಿದಳು.

ಆಮೇಲೆ ಬಂದವನು ಮತ್ತೋಡಿನ ಕನಕರಾಜ್. ಮನೆ ತುಂಬ ಕುರಿ, ಓದಿದ್ದು ಡಿಪ್ಲೊಮಾ. ಅವನ ‘ರೊಪ್ಪ’ ಆಟದಲ್ಲಿ ಬೆಳಿಗ್ಗೆ ಕುರಿ ಬಿಡಬೇಕು, ಮೇಯಿಸಬೇಕು, ಕತ್ತಲಾಗುವ ಮೊದಲು ರೊಪ್ಪದ ಬೇಲಿಯೊಳಗೆ ಸೇರಿಸಬೇಕು. ಒಂದು ಮರಿ ಹೊರಗುಳಿದರೂ ಅದು ರಾತ್ರಿ ಯಾವುದೋ ಹೊತ್ತಿನಲ್ಲಿ ಕೂಗುತ್ತದೆ. ಫೋನ್ ಮುಚ್ಚಿಟ್ಟರೂ ಬಿಡುವುದಿಲ್ಲ. ದೂರಿಗೆ ಅಂತ ನನ್ನ ನಂಬರ್ ಹಾಕಿದವಳು ನೀನು, ನೆನಪಿರಲಿ. ಹೊಸದುರ್ಗದಿಂದ ಒಬ್ಬರು ನಡುರಾತ್ರಿ ಫೋನ್ ಮಾಡಿ, ‘ಏನಮ್ಮಾ, ನಿಮ್ ಕುರಿ ನಮ್ಮನ್ಯಾಗೆ ಐತೆ, ನಮ್ಮವ್ವ ಬ್ಯಾಟರಿ ಹಿಡ್ಕಂಡು ಹಿತ್ಲೆಲ್ಲಾ ಹುಡುಕ್ತಾ ಅವ್ಳೆ, ಬಂದು ಹೊಡ್ಕಂಡ್ ಹೋಗ್ರಿ’ ಅಂದರು. ಬೈದರೂ ಯಾರೂ ಆಟ ಬಿಡಲಿಲ್ಲ. ಲಕ್ಷಗಟ್ಟಲೆ ಜನ ಈಗಲೂ ಕುರಿ ಕಾಯುತ್ತಿದ್ದಾರೆ.

ಅದಕ್ಕೇ ತಾನೇ ಪುಣೆಯವರು ಬಂದಿದ್ದು. ಮರಿ ಕೂಗಬಾರದಂತೆ, ತೆರೆಯ ಮೇಲ್ಗಡೆ ಕುರಿಗಳ ಸಂಖ್ಯೆ ಬರಬೇಕಂತೆ, ಹನ್ನೆರಡಕ್ಕೆ ಹನ್ನೆರಡು ಅಂತ. ‘ಬರೀ ಒಂದು ಸಂಖ್ಯೆ ಕಣೇ’ ಅಂದೆ ನೀನು. ಬೊಮ್ಮಕ್ಕನ ಮನೆಯ ಮುದ್ದೆ ಅಷ್ಟು ಬೇಗ ಕರಗಿತಾ? ಮತ್ತೋಡಿನಲ್ಲಿ ಆಕೆ, ಕನಕರಾಜನ ಅಜ್ಜಿ, ನಮ್ಮಿಬ್ಬರ ತಟ್ಟೆಗೆ ಸಾರು ಬಡಿಸುತ್ತಿದ್ದಾಗ, ‘ಎಷ್ಟು ಕುರಿ ಇವೆ ಅಜ್ಜಿ’ ಅಂತ ಕೇಳಿದವಳು ನೀನೇ. ಆಕೆ ಸೌಟು ಕೆಳಗಿಟ್ಟರು. ‘ಎಷ್ಟು ಅಂತ ಕೇಳ್ಬಾರ್ದು ಕಣವ್ವಾ. ಎಣ್ಸಿದ್ರೆ ದೃಷ್ಟಿ ತಾಗ್ತೈತೆ. ಒಂದೊಂದ್ರ ಮಖ ನೋಡಿ ಗುರ್ತು ಹಿಡಿಬೇಕು. ಎಲ್ಲಾವು ಬಂದ್ವಾ ಅಂತ ಕೇಳ್ಬೇಕು.’ ನಿನ್ನ ಮುಖ ಸಪ್ಪಗಾಗಿದ್ದು ನೋಡಿ, ‘ಓದಿದ್ ಮಕ್ಳು, ಪಾಪ, ಎಣ್ಸೋದ್ ಒಂದೇ ಕಲಿಸವ್ರೆ’ ಅಂತ ನಕ್ಕು ಇನ್ನೊಂದು ಮುದ್ದೆ ಹಾಕಿದರು. ಆಟದಲ್ಲಿ ಸಂಖ್ಯೆ ಹಾಕುವುದಿಲ್ಲ ಅಂತ ನಾವು ಅಲ್ಲೇ ಮಾತು ಕೊಟ್ಟೆವು. ಪ್ರತಿ ಕುರಿಗೂ ಆಡುವವರೇ ಹೆಸರಿಡುವ ಹಾಗೆ ಕನಕರಾಜ್ ಮಾಡಿದ. ಸಂಜೆಯಿಂದ ಕೊನೆಯ ಮರಿ ಸೇರುವವರೆಗೂ ರೊಪ್ಪದ ಬಾಗಿಲಲ್ಲಿ ‘ಎಲ್ಲಾವು ಬಂದ್ವಾ’ ಅಂತ ಕೇಳುವ ದನಿ ಬೊಮ್ಮಕ್ಕನದೇ. ನೀನೇ ನಿನ್ನ ಫೋನಿನಲ್ಲಿ ಹಿಡಿದುಕೊಂಡು ಬಂದದ್ದು. ಅದನ್ನೂ ತೆಗೆಯುತ್ತಾರಂತೆ.

ನೀನು ಯಾಕೆ ಮಾರುತ್ತಿದ್ದೀಯ ಅಂತ ನನಗೆ ಗೊತ್ತಿಲ್ಲವೆಂದುಕೊಳ್ಳಬೇಡ. ನಾನು ಆಸ್ಪತ್ರೆಯಿಂದ ಬಂದ ವಾರ ನೀನು ತೊಟ್ಟಿಲ ಪಕ್ಕ ಕೂತು, ‘ಮತ್ತೆ ಅಟ್ಟಕ್ಕೆ ಬರ್ತೀಯಾ ಶಾಹೀನ್’ ಅಂದೆ. ನಾನು ಮಗುವಿನ ಬಟ್ಟೆ ಮಡಿಸುತ್ತಾ ಕೂತೆ. ಆಮೇಲೂ ಎರಡು ಸಲ ಕೇಳಿದೆ ನೀನು. ಆಗಲೂ ನಾನು ಬಟ್ಟೆ ಮಡಿಸಿದೆ. ಬರುತ್ತೇನೆ ಅಂದರೆ ಅತ್ತೆ ಏನನ್ನುತ್ತಾರೋ, ಅಸದ್‌ಗೆ ಜ್ವರ ಬಂದರೆ ಹೇಗೋ ಅನ್ನುವ ಭಯ. ಬರುವುದಿಲ್ಲ ಅಂದರೆ ಇನ್ನೂ ದೊಡ್ಡ ಭಯ. ನೀನಾದರೂ ನಾಲ್ಕನೆಯ ಸಲ ಕೇಳಬಾರದಿತ್ತಾ? ನೇರ ಪುಣೆಗೆ ಫೋನ್ ಮಾಡುವುದೇ?

ಪ್ರಿಂಟರ್ ಕೆಳಗಿಳಿಸು. ಸೋಮವಾರ ಬರುತ್ತೇನೆ, ಮಗುವನ್ನು ಎತ್ತಿಕೊಂಡೇ. ಅತ್ತೆಗೆ ನಾನು ಹೇಳಿಕೊಳ್ಳುತ್ತೇನೆ. ಸಹಿಯ ಕಾಗದ ಅವರ ಕೈಗೆ ಹೋಗುವ ಮೊದಲು, ಅವರ ಕಾರು ಹಿರಿಯೂರು ಮುಟ್ಟುವ ಮೊದಲು, ಒಂದು ಸಲ ಫೋನ್ ಮಾಡೇ. ಬೈಯುವುದಿದ್ದರೆ ಬೈ. ಸುಮ್ಮನೆ ಇರಬೇಡ.

ಎದ್ದೇ ಕೂತಿರುವ,
ನಿನ್ನ ಶಾಹೀನ್

ತಾ.ಕ. ಕೂಗಿದ್ದು ಸಲೀಂ ಅವರ ಫೋನ್ ಅಲ್ಲ, ನನ್ನದು. ಆಟ ಅಳಿಸಿದ್ದೇನೆ ಅಂದದ್ದು ಸುಳ್ಳು. ಹಾಲು ಕುಡಿಸುತ್ತಾ ಒಂದು ಕೈಯಲ್ಲಿ ದಿನಾ ಕುರಿ ಕಾಯುತ್ತೇನೆ. ನಿನ್ನೆ ಸಿಟ್ಟಿನಲ್ಲಿ ಒಂದು ಮರಿಯನ್ನು ಬೇಕಂತಲೇ ಹೊರಗೆ ಬಿಟ್ಟಿದ್ದೆ. ಅದರ ಹೆಸರು ಚೈತ್ರಾ. ಹಿಗ್ಗಬೇಡ, ಹಿಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು ಅದೇ. ಅದು ಇನ್ನೂ ಬೇಲಿಯಾಚೆ ನಿಂತು ಕೂಗುತ್ತಿದೆ, ಅಸದ್ ಉತ್ತರ ಕೊಡುತ್ತಿದ್ದಾನೆ, ಬೊಮ್ಮಕ್ಕ ‘ಎಲ್ಲಾವು ಬಂದ್ವಾ’ ಅಂತ ಬಿಡದೆ ಕೇಳುತ್ತಿದ್ದಾರೆ. ನಾನು ಏನು ಹೇಳಲಿ? ಬೆಳಗಾಗುವ ಮೊದಲು ಫೋನ್ ಮಾಡೇ.