ಪಾಡ್ಯದ ಕೆಮ್ಮಣ್ಣು

ಅಕ್ಟೋಬರ್ 12, ಭಾನುವಾರ

ಕಟ್ಟೆಯ ಮೇಲಿನ ಪಾಟುಗಳನ್ನು ಅರ್ಧ ಸುತ್ತು ತಿರುಗಿಸಿದೆ. ಗಿಡಗಳು ಬಿಸಿಲಿನ ಕಡೆಗೇ ವಾಲುತ್ತವೆ, ಸ್ವಾರ್ಥಿಗಳು. ನೀರು ಹಾಕಲಿಲ್ಲ — ಮಣ್ಣು ಇನ್ನೂ ಹಸಿ. ಆನ್‌ಲೈನಿನಲ್ಲಿ ತರಿಸಿದ ಎಚೆವೇರಿಯಾಕ್ಕೆ ನೀಲಿ ಪೇಂಟ್ ಹೊಡೆದು ಕಳಿಸಿದ್ದಾರೆ! ಎಲೆಗಳೇ ಹೂವಿನಂತೆ ಸುತ್ತಿಕೊಂಡ ಗಿಡ, ಅದಕ್ಕೂ ಬಣ್ಣ. ಕಂಪನಿಗೂ ಪೇಪರಿಗೂ ಮತ್ತೊಂದು ದೂರು ಬರೆದೆ. ಉತ್ತರ ಬರುವುದಿಲ್ಲ, ಗೊತ್ತು. ನಾನೂ ಮರೆಯುವವಳಲ್ಲ. ಸರ್ಕಲ್ಲಿನ ಬೇವಿನ ಮರಗಳನ್ನು ಕಡಿಸಿದವರ ಹೆಸರು ಇಂದಿಗೂ ಹೇಳಬಲ್ಲೆ. ಈಗ ಅಲ್ಲಿ ಪ್ಲಾಸ್ಟಿಕ್ ಹುಲ್ಲು.

ಯಲ್ಲಕ್ಕ ಇವತ್ತೂ ಅರ್ಧ ರೊಟ್ಟಿಗೇ ಊಟ ಬಿಟ್ಟು ಎದ್ದರು. ನನ್ನ ಗಂಡ ಭೀಮಶಿಯ ಅಕ್ಕ. ವಿಧವೆಯಾದ ಮೇಲೂ ಒಬ್ಬರೇ ಕುರಿ ಮೇಯಿಸಿದವರು. ಮೊಣಕಾಲು ಕೈಕೊಟ್ಟಿತು, ಕುರಿ ಮಾರಿದರು. ಅವರ ಊರು ಮಸಗುಪ್ಪಿಯಲ್ಲಿ ಬಿಟ್ಟರೆ ತಮಗೊಬ್ಬರಿಗೆಂದು ಒಲೆ ಹಚ್ಚುವುದಿಲ್ಲವೆಂದು ಗೋಕಾಕಕ್ಕೆ ಕರೆತಂದಿದ್ದೇವೆ. ದಿನವಿಡೀ ಗೋಡೆ ನೋಡುತ್ತಾರೆ. ಇಂದು ಹೊರಗೆ ಬಂದು ಪಾಟಿನ ಪಕ್ಕ ಕೂತರು.

"ಇವೇನ ತಂಗಿ? ತಿನ್ನಾಕ ಬರಲಾರದ ಕೋಬಿ ಗಡ್ಡಿ?"

ಎಲೆಕೋಸಂತೆ! ಬಂದ ಮೇಲೆ ಇದೇ ಮೊದಲ ತಮಾಷೆ. ನಾನು ಬೇಕಾದ್ದಕ್ಕಿಂತ ಜೋರಾಗಿ ನಕ್ಕೆ.

ಅಕ್ಟೋಬರ್ 18, ಶನಿವಾರ

ನನಗಿಂತ ಮೊದಲೇ ಎದ್ದು ಕಟ್ಟೆಗೆ ಹೋಗಿದ್ದರು. "ಮೋಡ ಆಗೇತಿ, ಒಳಗ ಹೊಡಕೊಂಡ ಬರೂಣೇನ?" — ಗಿಡಗಳನ್ನು, ಕುರಿಗಳಂತೆ! ಇಡೀ ರೊಟ್ಟಿ ತಿಂದರು. ಭೀಮಶಿಗೆ ಕಣ್ಣಲ್ಲೇ ತೋರಿಸಿದೆ.

ಅಕ್ಟೋಬರ್ 22, ಬಲಿಪಾಡ್ಯ

ಚೆಂಡುಹೂವು ತಂದು ಗೇಟು ತೆರೆದರೆ… ಒಂದೊಂದು ಗಿಡವನ್ನೂ ನಲ್ಲಿಯ ಕೆಳಗೆ ಹಿಡಿದು ಅರಿವೆಯಿಂದ ಉಜ್ಜಿದ್ದಾರೆ. ಎಲೆಗಳನ್ನು ಬಿಸಿಲಿನಿಂದ ಕಾಯುವ ಬೂದಿಯಂಥ ಪುಡಿ ಪೂರಾ ಹೋಗಿದೆ. ಪ್ರತಿ ಸುಳಿಯಲ್ಲೂ ನೀರು ನಿಂತಿದೆ. ಮೇಲೆ ಕೆಮ್ಮಣ್ಣಿನ ಬೊಟ್ಟು. ಊದುಬತ್ತಿ. ಯಲ್ಲಕ್ಕ ತಲೆ ಮೇಲೆ ಸೆರಗು ಹೊದ್ದು ನಿಂತಿದ್ದರು.

"ಯಕ್ಕಾ! ಏನ್ ಮಾಡೀರಿ ಇದು?"

"ಪಾಡ್ಯಾ ಅಲ್ಲೇನ? ಕುರಿಗೋಳ ಮೈ ತೊಳದು ಕೆಂಪ ಹಚ್ಚೂ ದಿನಾ, ಹೆಂಗ ಬಿಡೂದು? ಈಗ ನನ್ನ ಹಂತೇಕ ಇವ ಅದಾವು."

ಕೇಳಿದರೂ ಕಿವಿಗೆ ಹೋಗಲಿಲ್ಲ. "ಇವೇನ್ ಕುರಿ ಅದಾವೇನ್ರಿ? ಎಲ್ಲಾ ಕೊಳೀತಾವ!" ಓಣಿಗೆಲ್ಲ ಕೇಳುವಂತೆ ಕೂಗಿದೆ.

ಅವರು ಕೆಂಪಾದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಅಕ್ಟೋಬರ್ 23, ಬೆಳಿಗ್ಗೆ

ಬಾಗಿಲ ಬಳಿ ಅವರ ಚೀಲ. "ತಮ್ಮಾ, ನನ್ನ ಊರಿಗೆ ಬಿಟ್ಟು ಬಾ."

ಭೀಮಶಿ ಅಡುಗೆಮನೆಗೆ ಬಂದ. "ಪೇಪರಿಗೆ ಬರಿಯೂ ಸಿಟ್ಟು ಅಕ್ಕನ ಮ್ಯಾಲೆ ಯಾಕ ತಗದಿ?"

ಹೋಗಿ "ತಪ್ಪಾತ್ರಿ ಯಕ್ಕಾ" ಅಂದೆ. ಅವರು ಚೀಲದ ದಾರ ಬಿಗಿದರು. ನಾನೇ ಮುಂದುವರಿಸಿದೆ: "ಸುಳಿಯಾಗಿನ ನೀರ ತಗೀಬೇಕು. ನನ್ನೊಬ್ಬಾಕಿ ಕೈಲೆ ಆಗೂದಿಲ್ಲ. ಇದೊಂದ ಮುಗಿಸಿ ಹೋಗ್ರಿ."

ಸ್ವಲ್ಪ ಹೊತ್ತಿನ ಮೇಲೆ ಬಂದು ಕೂತರು. ದೀಪಾವಳಿಗೆ ಹೊಸೆದ ಬತ್ತಿಗಳನ್ನು ಒಂದೊಂದೇ ಸುಳಿಗಿಳಿಸಿ ನೀರು ಹೀರಿಸಿದೆವು. ಮಧ್ಯಾಹ್ನವಾಯಿತು. ಬಸ್ಸಿನ ಮಾತು ಯಾರೂ ಎತ್ತಲಿಲ್ಲ. ಚೀಲ ಮಾತ್ರ ಬಾಗಿಲಲ್ಲೇ.

ಅಕ್ಟೋಬರ್ 28

ಎಲ್ಲಕ್ಕಿಂತ ಹಳೆಯ ಗಿಡದ ಸುಳಿ ಕಪ್ಪಾಗಿದೆ. ಮುಟ್ಟಿದರೆ ಲೋಳೆ. ಅವರು ಪಾಟನ್ನು ಮಡಿಲಲ್ಲಿ ಹಿಡಿದರು, ನಾನು ಕೊಯ್ದೆ. ಉಳಿದದ್ದು ಹೆಬ್ಬೆರಳಷ್ಟು ಬುಡ.

"ಸತ್ತಿತೇನ?"

"ಹೇಳಾಕ ಬರೂದಿಲ್ರಿ. ಒಮ್ಮೊಮ್ಮೆ ಬುಡದಾಗಿಂದ ಮರಿ ಬರತಾವ."

"ತಿಳಿಯೂ ಮಟಾ ಇರತೇನಿ. ಆಮ್ಯಾಲ ಹೋಗಾಕಿ."

ಬದುಕಿದರೂ ಹೋಗುತ್ತಾರೆ, ಸತ್ತರೂ ಹೋಗುತ್ತಾರೆ. ಆ ಬುಡ ಹೀಗೇ ಸುಮ್ಮನೆ ಕೂತಿರಲಿ ಎಂದು ಹಾರೈಸಿದೆ. ಗಿಡ ಬೆಳೆಸುವವಳು ಹಾರೈಸುವ ಮಾತೇ ಇದು?

ನವೆಂಬರ್ 30, ಭಾನುವಾರ

"ಸುವರ್ಣಾ! ಬಾ ಬೇ ಇಲ್ಲೆ! ಈದೈತಿ!"

ಕೈಯಲ್ಲಿ ಹಿಟ್ಟು, ಹಾಗೇ ಓಡಿದೆ. ಬುಡದ ಸುತ್ತ ಮೂರು ಮರಿ, ಕಡಲೆಕಾಳಿನಷ್ಟು. ಒಂದೊಂದೂ ಆಗಲೇ ಪುಟ್ಟ ಗುಲಾಬಿ. ಯಲ್ಲಕ್ಕ ಮುಟ್ಟಲಿಲ್ಲ. ಅಂಗೈ ಅಡ್ಡ ಹಿಡಿದು ಬಿಸಿಲು ಮರೆ ಮಾಡಿದ್ದರು.

"ತಾಯಿ ಬಿಟ್ಟು ನಿಲ್ಲಾಕ ಎಷ್ಟ ದಿನಾ ಬೇಕು?"

ಎರಡು-ಮೂರು ತಿಂಗಳು ಸಾಕು. ಲೋಕದ ಸುಳ್ಳುಗಳ ಮೇಲೆಲ್ಲ ದೂರು ಬರೆಯುವ ನಾನು ರೆಪ್ಪೆ ಬಡಿಯದೆ ಹೇಳಿದೆ: "ವರ್ಷ ಬೇಕ್ರಿ. ಬಾಜೂಕ ಕುಂತ ನೋಡವ್ರೂ ಬೇಕು."

"ವರ್ಷ?"

"ವರ್ಷರಿ."

ನನ್ನ ಮುಖ ನೋಡಿದರು. "ನಿನಗ ಸುಳ್ಳ ಹೇಳಾಕ ಬರೂದಿಲ್ಲ ಬಿಡ, ತಂಗಿ," ಅಂದರು. ಚೀಲವನ್ನು ಒಳಗಿನ ಗೂಟಕ್ಕೆ ಸಿಕ್ಕಿಸಿ ಬಂದು ಮತ್ತೆ ಕೂತರು.

ಕಿಟಕಿಯ ಈಚೆ ಕೂತು ಬರೆಯುತ್ತಿದ್ದೇನೆ. ಹೊರಗೆ ಮರಿಗಳ ಜೊತೆ ಮಾತು ನಡೆದಿದೆ. "ಈಕಿ ಮುಂದ ಹುಶಾರ ಇರ್ರೆಪಾ. ಸಿಟ್ಟಿನಾಕಿ. ಆದ್ರ…"

ದನಿ ತಗ್ಗಿತು. ಆದ್ರ ಏನು? ಪೆನ್ನು ಇಟ್ಟು, ಮೆಲ್ಲಗೆ ಕದದ ಹಿಂದೆ ಹೋಗಿ ಕೇಳುತ್ತೇನೆ.