ಕಾದು ನಿಂತ ಹಡಗು

ಬುಧವಾರ, ಮಧ್ಯಾಹ್ನ
ಹಡಗಿನಿಂದ

ಪ್ರೀತಿಯ ಅಕ್ಕಾ,

ಹೊರಡುವ ದಿನ ನನ್ನ ಪೆಟ್ಟಿಗೆಯ ಚಕ್ರಗಳನ್ನು ಮೂರು ಸಲ ಉರುಳಿಸಿ, ನಾಲ್ಕನೆಯ ಸಲ ಒದ್ದು ನೋಡಿ ನೀನು ಹೇಳಿದ್ದು ಒಂದೇ ಮಾತು: "ಆ ದೊಡ್ಡ ಹಡಗು ವಾಸಿಯೋ, ಈ ಚಿಕ್ಕದು ವಾಸಿಯೋ, ಬಂದು ಹೇಳು." ಬಾಯಲ್ಲಿ ಹೇಳಲು ಹೊರಟರೆ ನಾನು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ನೀನೇ ಹೇಳಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮಧ್ಯೆ ಬಾಯಿ ಹಾಕಲು ನಿನ್ನಿಂದಲೂ ಆಗದು.

ಮೊದಲು ಕೋಣೆ. ಎರಡು ವರ್ಷದ ಹಿಂದಿನ ನಮ್ಮ ಕೋಣೆ ನೆನಪಿದೆಯಲ್ಲ? ಹದಿನೇಳು ಅಂತಸ್ತಿನ ಹಡಗಿನ ಹೊಟ್ಟೆಯೊಳಗೆ, ಕಿಟಕಿಯೇ ಇಲ್ಲದ ಪೆಟ್ಟಿಗೆ. ಬೆಳಕು ಹರಿಯಿತೋ ಇಲ್ಲವೋ ತಿಳಿಯಲು ನೀನು ಟೀವಿ ಹಾಕಿ, ಹಡಗಿನ ಮುಂಭಾಗದ ಕ್ಯಾಮೆರಾ ತೋರಿಸುವ ಸಮುದ್ರ ನೋಡುತ್ತಿದ್ದೆ. ಸಮುದ್ರದ ಮೇಲೇ ಇದ್ದುಕೊಂಡು ಸಮುದ್ರವನ್ನು ಟೀವಿಯಲ್ಲಿ ನೋಡಿದವರು ನಾವಿಬ್ಬರೇ ಇರಬೇಕು. ಇಲ್ಲಿ ನನಗೆ ಊಟದ ತಟ್ಟೆಯಷ್ಟಗಲದ ದುಂಡು ಕಿಟಕಿಯಿದೆ. ಅಲೆ ಬಂದು ಗಾಜಿಗೆ ಬಡಿಯುತ್ತದೆ. ಆದರೆ ಆ ಹಡಗು ಮಲಗಿದ ಎಮ್ಮೆಯಂತೆ ಅಲುಗುತ್ತಲೇ ಇರಲಿಲ್ಲ, ಇದು ತೊಟ್ಟಿಲು. ಮೊದಲ ದಿನ ನಾನು ತಿಂದದ್ದೆಲ್ಲ ತಿಂದ ದಾರಿಯಲ್ಲೇ ವಾಪಸಾಯಿತು. ಈಗ ಅಭ್ಯಾಸವಾಗಿದೆ.

ಅಲ್ಲಿ ಮೂರು ಸಾವಿರ ಜನ, ಇಲ್ಲಿ ನೂರಿಪ್ಪತ್ತು. ಅಲ್ಲಿ ಊಟಕ್ಕೆ ತಟ್ಟೆ ಹಿಡಿದು ಸಾಲು; ಐವತ್ತು ಬಗೆಯ ತಿಂಡಿ, ಯಾವುದಕ್ಕೂ ನೆನಪಿನಲ್ಲಿ ಉಳಿಯುವ ರುಚಿಯಿಲ್ಲ. ಇಲ್ಲಿ ನಾಲ್ಕೇ ಬಗೆ, ಆದರೆ ಬ್ರೆಡ್ ಸುಡುವ ವಾಸನೆ ಬೆಳಿಗ್ಗೆ ಕೋಣೆಯವರೆಗೂ ಬರುತ್ತದೆ. ಅಲ್ಲಿ ಲಿಫ್ಟ್ ಇಳಿದರೆ ಎಡವೋ ಬಲವೋ ತಿಳಿಯುತ್ತಿರಲಿಲ್ಲ. ಮೂವತ್ತೊಂದು ವರ್ಷ ರೈಲು ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತ ನೀನು ಎರಡೇ ದಿನದಲ್ಲಿ ಇಡೀ ಹಡಗನ್ನು ಬಾಯಿಪಾಠ ಮಾಡಿಬಿಟ್ಟೆ. ಮೂರನೆಯ ದಿನ ಬೇರೆ ಪ್ರಯಾಣಿಕರು ಸಿಬ್ಬಂದಿಯನ್ನು ಬಿಟ್ಟು ನಿನ್ನನ್ನೇ ದಾರಿ ಕೇಳುತ್ತಿದ್ದರು. ನನಗೆ ಎಷ್ಟು ಹೆಮ್ಮೆ ಎನಿಸಿತ್ತು ಗೊತ್ತೇ?

ಹೆಮ್ಮೆಯ ಜೊತೆಗೆ ಇನ್ನೊಂದೂ ಇತ್ತು. ಅದನ್ನು ಹೇಳಲೆಂದೇ ಇಷ್ಟು ಸುತ್ತುತ್ತಿದ್ದೇನೆ.

ಮೊದಲ ದಿನ ಊಟದ ಹಾಲ್‌ನಲ್ಲಿ ಬಡಿಸುವವನು ನನ್ನತ್ತ ಬಗ್ಗಿ, ಏನು ತರಲಿ ಎಂದು ಕೇಳಿದ. "ಅವಳಿಗೆ ಸೂಪ್ ಸಾಕು, ಖಾರ ಆಗಲ್ಲ ಅವಳಿಗೆ" ಎಂದೆ ನೀನು. ಈಜುಕೊಳದ ಹತ್ತಿರ ಯಾರೋ ನನ್ನನ್ನು ಮಾತಾಡಿಸಿದರು. "ಅವಳಿಗೆ ನೀರು ಕಂಡ್ರೆ ಭಯ" ಎಂದೆ. ನಾಲ್ಕು ದಿನ ನನಗೆ ಬಂದ ಒಂದೊಂದು ಪ್ರಶ್ನೆಗೂ ಉತ್ತರ ನಿನ್ನದೇ. ಊರಲ್ಲಿ ಇದೇನೂ ಹೊಸತಲ್ಲ; ಅಲ್ಲಿ ನನಗೆ ನನ್ನ ಹೊಲಿಗೆ ಅಂಗಡಿಯಿದೆ, ಬಾಗಿಲು ಹಾಕಿಕೊಂಡು ಮಿಷಿನ್ ತುಳಿಯುತ್ತ ಕೂರಬಹುದು. ಹಡಗಿನಲ್ಲಿ ಎಲ್ಲಿಗೆ ಹೋಗಲಿ? ಭಾವ ತೀರಿಕೊಂಡು ವರ್ಷ ತುಂಬಿರಲಿಲ್ಲ. ಎಲ್ಲಿಗಾದರೂ ಹೋಗಿಬರೋಣ ಎಂದು ಮೊದಲ ಸಲ ನೀನೇ ಬಾಯಿಬಿಟ್ಟು ಕೇಳಿದ್ದೆ. ನಿನ್ನ ಮುಂದೆ ಮುಖ ಸಿಂಡರಿಸುವುದು ಹೇಗೆ?

ಐದನೆಯ ದಿನ ಆ ಬಂದರು. ನಿನಗೆ ಮಂಡಿ ನೋವು ಬಂತು, ಮೂರು ಗಂಟೆಗೇ ನೀನು ಹಡಗಿಗೆ ಹೊರಟೆ. "ನಾಲ್ಕೂವರೆ ಒಳಗೆ ಬಾ, ಐದಕ್ಕೆ ಬಿಡುತ್ತೆ, ನೇರ ರಸ್ತೆ, ಎಲ್ಲೂ ತಿರುಗಬೇಡ" ಎಂದೆ. ನಾನು ಒಂದು ಟೀ ಅಂಗಡಿಯ ಮಹಡಿಗೆ ಹೋಗಿ ಕೂತೆ. ಅಂಗಡಿಯಾಕೆ ಏನು ಬೇಕೆಂದು ಕೇಳಿದಳು. ನಾನೇ ಹೇಳಿದೆ. ಇನ್ನೊಂದು ಬೇಕೇ ಎಂದು ಕೇಳಿದಳು. ಅದಕ್ಕೂ ನಾನೇ ಹೇಳಿದೆ. ಅಕ್ಕಾ, ಅರವತ್ತು ಸಮೀಪಿಸಿದವಳಿಗೆ ಅದರಲ್ಲೇನು ಸಂಭ್ರಮ ಎಂದು ನಗಬೇಡ.

ನಾಲ್ಕೂವರೆಗೆ ಹಡಗು ಕೂಗಿತು. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಮೇಲಿನ ಅಂತಸ್ತಿನ ಕಂಬಿ ಹಿಡಿದು ನೀನು ನಿಂತಿದ್ದೆ, ಹಳದಿ ಶಾಲು ಹೊದ್ದು. ಅಂಗಡಿಯಾಕೆ ಓಡಿಬಂದು, "ಅಮ್ಮಾ, ಅದು ನಿಮ್ಮ ಹಡಗಲ್ವಾ? ಓಡಿ, ಇನ್ನೂ ಟೈಮಿದೆ" ಎಂದಳು.

"ನನ್ನ ಹಡಗಲ್ಲ" ಎಂದೆ.

ದಾರಿ ತಪ್ಪಿತು ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ನಾನು ತಪ್ಪಿಸಿಕೊಂಡೆ. ಹಡಗು ಚುಕ್ಕೆಯಾಗುವವರೆಗೂ ಕೂತು ನೋಡಿದೆ.

ಆಮೇಲೆ ಬಂದರಿನ ಕಚೇರಿಗೆ ಹೋದೆ. ಅಲ್ಲಿದ್ದ ಗುಮಾಸ್ತ ಒಂದು ಕವರ್ ಕೊಟ್ಟ. ಹಡಗು ಬಿಡುವ ಮುಂಚೆ ನೀನು ಕಳಿಸಿದ್ದು. ನನ್ನ ಪಾಸ್‌ಪೋರ್ಟ್, ಬಿ.ಪಿ. ಮಾತ್ರೆ, ಒಂದು ಚೀಟಿ: "ಹೆದರಬೇಡ ಗುಂಡಿ. ನಿನ್ನನ್ನ ಒಬ್ಬಳೇ ಬಿಟ್ಟು ಬಂದದ್ದು ನನ್ನ ತಪ್ಪು. ನಾಳೆ ಮುಂದಿನ ಬಂದರಿನಲ್ಲಿ ಇಳಿದು ಬರ್ತೀನಿ. ಅಲ್ಲೇ ಇರು." ಓದಿ ಅಳು ಬಂತು. ಆದರೂ ಆ ಸಂಜೆ ಮೀನು ಹುರಿದದ್ದಕ್ಕೆ ಖಾರ ಜಾಸ್ತಿ ಹಾಕಿಸಿಕೊಂಡು ತಿಂದೆ. ಎರಡೂ ನಿಜ.

ಮರುದಿನ ನೀನು ಉಳಿದ ಪ್ರವಾಸವನ್ನೆಲ್ಲ ಬಿಟ್ಟು, ಊದಿದ ಮಂಡಿಯಲ್ಲಿ ಆರು ಗಂಟೆ ರೈಲಿನಲ್ಲಿ ಕೂತು ಬಂದೆ. ನಿಲ್ದಾಣದಲ್ಲಿ ನನ್ನನ್ನು ತಬ್ಬಿಕೊಂಡವಳು ಎಷ್ಟು ಹೊತ್ತಾದರೂ ಬಿಡಲಿಲ್ಲ. ಆಗಲೇ ಹೇಳಬೇಕಿತ್ತು. ದಾರಿ ತಪ್ಪಿತು ಎಂದುಬಿಟ್ಟೆ ನಾನು. ಅಲ್ಲಿಂದ ಈಚೆಗೆ ನೀನು ಬಂಧುಗಳ ಮುಂದೆಲ್ಲ "ನನ್ನಿಂದಾಗಿ ಕಳೆದುಹೋಗಿದ್ಲು" ಎಂದು ಹೇಳಿಕೊಂಡು ತಿರುಗಿದೆ. ನೀನು ಮತ್ತೆ ಎಲ್ಲಿಗೂ ಹೊರಡಲಿಲ್ಲ. ರಸ್ತೆ ದಾಟುವಾಗ ನನ್ನ ಕೈ ಇನ್ನಷ್ಟು ಬಿಗಿಯಾಗಿ ಹಿಡಿದೆ. ಪ್ರತಿ ಸಲವೂ ನನ್ನ ಸುಳ್ಳು ಒಂದೊಂದು ಹೊಲಿಗೆ ಬಲವಾಯಿತು.

ಇವತ್ತು ಹೇಳುತ್ತಿರುವುದಕ್ಕೆ ಕಾರಣವಿದೆ. ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಈ ಹಡಗು ಒಂದು ಪುಟ್ಟ ಬಂದರು ಬಿಡಬೇಕಿತ್ತು. ನನ್ನ ಪಕ್ಕದ ಕೋಣೆಯ ನಿವೃತ್ತ ಮೇಷ್ಟ್ರು ಬಂದಿರಲಿಲ್ಲ. ಅವರ ಹೆಂಡತಿ ಕಂಬಿ ಹಿಡಿದು ನಿಂತರು, ನಾನೂ ಜೊತೆಗೆ ನಿಂತೆ. ಆಕೆ ರಸ್ತೆಯಲ್ಲಿ ಬರುವ ಒಬ್ಬೊಬ್ಬರನ್ನೂ ದೂರದಿಂದ ನೋಡಿ, ಅವರಲ್ಲ ಎಂದು ತಿಳಿದಾಗ ಕಂಬಿಯ ಮೇಲಿನ ಬೆರಳುಗಳು ಬೆಳ್ಳಗಾಗುತ್ತಿದ್ದವು. ಎರಡು ವರ್ಷದ ಹಿಂದೆ ನಾನು ದಡದಲ್ಲಿದ್ದೆ, ಅಕ್ಕಾ. ಕಂಬಿಯ ಈ ಬದಿಯಲ್ಲಿ ಹೇಗಿರುತ್ತದೆ ಎಂದು ಇವತ್ತೇ ಕಂಡದ್ದು.

ಕ್ಯಾಪ್ಟನ್ ಹನ್ನೊಂದು ನಿಮಿಷ ಹಡಗು ನಿಲ್ಲಿಸಿದರು. ಮೇಷ್ಟ್ರು ಒಂದು ಚೀಲ ಕಿತ್ತಳೆ ಹಿಡಿದು ಏದುಸಿರು ಬಿಡುತ್ತ ಓಡಿಬಂದರು. ಆಕೆ ಅವರ ಬೆನ್ನಿಗೆ ಎರಡು ಗುದ್ದಿ, ಆಮೇಲೆ ಅತ್ತರು. ನಾನು ಕೋಣೆಗೆ ಬಂದು ಪೆನ್ನು ಹಿಡಿದೆ.

ಇನ್ನು ನಿನ್ನ ಪ್ರಶ್ನೆಗೆ ಉತ್ತರ. ಈ ಚಿಕ್ಕ ಹಡಗೇ ವಾಸಿ. ಇಲ್ಲಿ ಆರು ದಿನದಿಂದ ನನ್ನ ಮಾತನ್ನು ನಾನೇ ಆಡುತ್ತಿದ್ದೇನೆ, ಸುಖವಾಗಿದೆ. ಆದರೆ ಮೇಷ್ಟ್ರ ಕಿತ್ತಳೆಯ ಕಥೆಗೆ ನಗಲು ಪಕ್ಕಕ್ಕೆ ತಿರುಗಿದರೆ ನೀನಿಲ್ಲ. ಮುಂದಿನ ಸಲ ಇಬ್ಬರೂ ಬರೋಣ. ಕೋಣೆ ಬೇರೆ ಬೇರೆ, ಅಕ್ಕಪಕ್ಕ ಇರಲಿ. ನನ್ನ ಊಟ ನಾನೇ ಹೇಳುತ್ತೇನೆ. ಬರುತ್ತೀಯಾ? ಕೋಪ ಬಂದರೆ ಬರಲಿ, ನ್ಯಾಯವಾದದ್ದೇ. ತಪ್ಪು ನಿನ್ನದಾಗಿರಲಿಲ್ಲ ಎಂಬುದೊಂದನ್ನು ಮಾತ್ರ ನಂಬು.

ನಿನ್ನ ತಂಗಿ,
ಗುಂಡಿ

ತಾ.ಕ.: ಇದನ್ನು ಅಂಚೆಗೆ ಹಾಕಲಿಲ್ಲ. ನೀನು ಒಬ್ಬಳೇ ಕೂತು ಓದುವುದು ಬೇಡವೆನಿಸಿತು. ಇವತ್ತು ಶನಿವಾರ. ಹಡಗಿಳಿದು ನನ್ನ ಮನೆಗೂ ಹೋಗದೆ ನೇರ ಇಲ್ಲಿಗೆ ಬಂದಿದ್ದೇನೆ. ನೀನು ಹಾಲು ತರಲು ಕೆಳಗೆ ಹೋಗಿದ್ದೀಯ. ನಾನು ನಿನ್ನ ಊಟದ ಮೇಜಿನ ಮೇಲೆ ಈ ನಾಲ್ಕು ಸಾಲು ಸೇರಿಸುತ್ತಿದ್ದೇನೆ. ಕಾಗದವನ್ನು ನಿನ್ನ ಕನ್ನಡಕದ ಕೆಳಗಿಟ್ಟು ಬಾಲ್ಕನಿಯಲ್ಲಿ ನಿಂತಿರುತ್ತೇನೆ. ಓದಿಯಾದ ಮೇಲೆ ಕರಿ. ಬೈಯುವುದಕ್ಕಾದರೂ ಸರಿ, ಕರಿ. ಎಷ್ಟು ಹೊತ್ತಾದರೂ ನಿಂತಿರುತ್ತೇನೆ.